ಕಾಣದ ಕೆಲಸ, ಬಾಡುವ ಮನಸ್ಸು

2020ರ ಮಾರ್ಚ್‌ನಲ್ಲಿ ಕಾಲೇಜು, ಹಾಸ್ಟೆಲ್‌ಗಳು ಮುಚ್ಚಿದಾಗ ಮೈಸೂರು, ಬೆಂಗಳೂರುಗಳಲ್ಲಿ ಓದುತ್ತಿದ್ದ ಹಳ್ಳಿಯ ಮಕ್ಕಳು ಊರಿಗೆ ಮರಳಿದರು. ಕಚೇರಿಗೆ ಹೋಗಿ ಕಲಿಯಬೇಕಾಗಿದ್ದ ಇಂಟರ್ನ್‌ಶಿಪ್ಪನ್ನು ಅನೇಕರು ಮನೆಯಲ್ಲೇ ಮಾಡಬೇಕಾಯಿತು. ಗುಂಡ್ಲುಪೇಟೆ-ಊಟಿ ರಸ್ತೆಯ ಹಂಗಳದಲ್ಲಿ ಅಂಥ ಒಬ್ಬ ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳಿ. ಬೆಳಿಗ್ಗೆ ಸಿಗ್ನಲ್ ಹುಡುಕಿಕೊಂಡು ತಾರಸಿ ಹತ್ತುತ್ತಾನೆ. ಯಾರೋ ಕಳುಹಿಸಿದ ಪಟ್ಟಿ ತುಂಬಿ ವಾಪಸು ಕಳುಹಿಸುತ್ತಾನೆ. ಮರುದಿನ ಮತ್ತೊಂದು ಪಟ್ಟಿ. ತಿಂಗಳೊಳಗೆ ಅವನಿಗೆ ನಿದ್ದೆ ಇಲ್ಲ, ಊಟ ಸೇರದು, ಮಾತು ಬೇಡ. 'ಮನೆಯಲ್ಲೇ ಕೂತು ಮಾಡುವ ಕೆಲಸಕ್ಕೆ ಇಷ್ಟೇಕೆ ಸುಸ್ತು?' ಎಂದು ತಾಯಿ ಕೇಳುತ್ತಾಳೆ.

ಚಾಮರಾಜನಗರ ಜಿಲ್ಲೆಯಲ್ಲಿ 2020ರ ಜೂನ್‌ವರೆಗೆ ಒಂದೂ ಕೋವಿಡ್ ಪ್ರಕರಣ ವರದಿಯಾಗಿರಲಿಲ್ಲ. ಸೋಂಕು ಬರುವ ಮೊದಲೇ ಇಂಥ ಬೇಸರ ಮನೆ ಹೊಕ್ಕಿರಬಹುದು. ಪಿಡುಗು ಇಳಿದರೂ ಮನೆಯಿಂದ ಇಂಟರ್ನ್‌ಶಿಪ್ ಮಾಡುವ ಪದ್ಧತಿ ಉಳಿದಿದೆ. ಹಾಗಾಗಿ ಈ ತೊಂದರೆಯನ್ನು ಈಗಲೂ ತಿಳಿದುಕೊಳ್ಳಬೇಕು.

ಕಾರಣವೇನು?

ಹಂಗಳದ ಸುತ್ತಿನ ಹೊಲಗಳಲ್ಲಿ ಚೆಂಡು ಹೂವು ಬಿಡಿಸುವವರಿಗೆ ಸಂಜೆ ತುಂಬಿದ ಚೀಲ ಕಣ್ಣಿಗೆ ಕಾಣುತ್ತದೆ. ದೇಹ ದಣಿದರೂ ಇಷ್ಟು ಕೆಲಸವಾಯಿತೆಂಬ ಸಮಾಧಾನವಿರುತ್ತದೆ. ಕಂಪ್ಯೂಟರಿನಲ್ಲಿ ಕಳುಹಿಸಿದ ಕೆಲಸ ಯಾರಿಗೆ ತಲುಪಿತು, ಏನಾಯಿತು ಎಂಬುದು ಕಾಣುವುದೇ ಇಲ್ಲ. ಕಚೇರಿಯಲ್ಲಾದರೆ ಪಕ್ಕದವರ ಒಂದು ಮಾತು, ಚಹಾ ಹೊತ್ತಿನ ಹರಟೆ ಆ ಕೊರತೆ ತುಂಬುತ್ತವೆ. ಮನೆಯಲ್ಲಿ ಅದೂ ಇಲ್ಲ.

ಅಮೆರಿಕದ ಮನೋವಿಜ್ಞಾನಿ ಆಡಂ ಗ್ರಾಂಟ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ವಿಶ್ವವಿದ್ಯಾಲಯವೊಂದಕ್ಕೆ ಫೋನಿನಲ್ಲಿ ದೇಣಿಗೆ ಕೇಳುವವರಿಗೆ, ಆ ಹಣದಿಂದ ವಿದ್ಯಾರ್ಥಿವೇತನ ಪಡೆದ ಒಬ್ಬ ವಿದ್ಯಾರ್ಥಿಯನ್ನು ಸುಮಾರು 5 ನಿಮಿಷ ಭೇಟಿ ಮಾಡಿಸಲಾಯಿತು. ಒಂದು ತಿಂಗಳ ನಂತರ ನೋಡಿದರೆ, ಅವರು ಫೋನಿನಲ್ಲಿ ಕಳೆಯುತ್ತಿದ್ದ ಸಮಯ ಎರಡು ಪಟ್ಟಿಗೂ ಹೆಚ್ಚಾಗಿತ್ತು. ಅಂಥ ವಿದ್ಯಾರ್ಥಿಯ ಪತ್ರವನ್ನಷ್ಟೇ ಓದಿದವರಲ್ಲಿ ಹೇಳಿಕೊಳ್ಳುವ ಬದಲಾವಣೆ ಆಗಲಿಲ್ಲ. ಕೆಲಸ ಅದೇ; ಅದರ ಫಲ ಪಡೆದ ಮನುಷ್ಯನ ಮುಖ ಕಂಡಿತ್ತು, ಅಷ್ಟೆ.

ನೀವೇನು ಮಾಡಬಹುದು?

1. 'ನಾನು ಮಾಡಿದ್ದು ಕೊನೆಗೆ ಯಾರಿಗೆ ಉಪಯೋಗವಾಗುತ್ತದೆ?' ಎಂದು ಮೇಲಿನವರನ್ನು ಸಂಕೋಚವಿಲ್ಲದೆ ಕೇಳಿ. ಸಾಧ್ಯವಾದರೆ ಅವರಲ್ಲಿ ಒಬ್ಬರೊಡನೆ ಫೋನಿನಲ್ಲಿ ಮಾತನಾಡಿ.

2. ವಾರಕ್ಕೊಮ್ಮೆಯಾದರೂ ನಿಮ್ಮ ಕೆಲಸದ ತಪ್ಪು-ಒಪ್ಪು ತಿಳಿಸುವಂತೆ ಕೋರಿ.

3. ಆ ದಿನ ಕಲಿತದ್ದನ್ನು ಸಂಜೆ ಎರಡು ಸಾಲು ಬರೆದಿಡಿ. ತುಂಬಿದ ಚೀಲ ಕಂಡಂತೆ ಅದು ನಿಮ್ಮ ಕಣ್ಣಿಗೆ ಕಾಣಲಿ.

4. ಏಳುವ ಹೊತ್ತು ದಿನವೂ ಒಂದೇ ಇರಲಿ. ಬೆಳಗಿನ ಬಿಸಿಲಿನಲ್ಲಿ ಅರ್ಧ ಗಂಟೆ ನಡೆಯಿರಿ. ದೇಹದ ಗಡಿಯಾರ ಸರಿಯಾಗಲು ಅದು ನೆರವಾಗುತ್ತದೆ. ಮಲಗುವ ಹಾಸಿಗೆಯಲ್ಲಿ ಕುಳಿತು ಕೆಲಸ ಮಾಡಬೇಡಿ.

ಅರ್ಥವಿಲ್ಲದ ಕೆಲಸಕ್ಕೆ ಬಲವಂತವಾಗಿ ಅರ್ಥ ಹಚ್ಚಿಕೊಳ್ಳಿ ಎಂದು ಇಲ್ಲಿ ಹೇಳುತ್ತಿಲ್ಲ. ಕಲಿಕೆಯೂ ಇಲ್ಲ, ಸಂಬಳವೂ ಇಲ್ಲ, ಕೇಳಿದ್ದಕ್ಕೆ ಉತ್ತರವೂ ಇಲ್ಲ ಎಂದಾದರೆ ಕಾಲೇಜಿನ ಅಧ್ಯಾಪಕರಿಗೆ ತಿಳಿಸಿ, ಬೇರೆ ಅವಕಾಶ ಹುಡುಕಿ. ಅದು ನಿಮ್ಮ ಸೋಲಲ್ಲ.

ವೈದ್ಯರನ್ನು ಯಾವಾಗ ಕಾಣಬೇಕು?

ಬೇಸರ, ನಿರಾಸಕ್ತಿ, ನಿದ್ರಾಹೀನತೆ ಎರಡು ವಾರ ಬಿಡದೆ ಕಾಡಿದರೆ ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕಾಣಿ. ಬದುಕೇ ಬೇಡ ಎನಿಸಿದರೆ ಒಂದು ದಿನವೂ ಕಾಯಬೇಡಿ, ಮನೆಯವರಿಗೆ ಹೇಳಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ (14416) ಹಗಲು-ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಹಿರಿಯರಿಗೂ ಒಂದು ಮಾತು. ಮಗ ಅಥವಾ ಮಗಳು ಮೊಬೈಲ್ ಹಿಡಿದು ಸುಮ್ಮನೆ ಕುಳಿತಿದ್ದಾರೆಂದು ಗದರಬೇಡಿ. 'ಇವತ್ತು ಏನು ಮಾಡಿದೆ, ಹೇಳು' ಎಂದು ಪಕ್ಕದಲ್ಲಿ ಕುಳಿತು ಕೇಳಿ. ಕಾಣದ ಕೆಲಸವನ್ನು ನೋಡುವ ಮೊದಲ ಕಣ್ಣು ನಿಮ್ಮದಾಗಲಿ.