ಸಂತನಾದ ಬಡಗಿ

ಸಂತರೆಂದೊಡನೆ ನಾವು ಮಠಾಧಿಪತಿಗಳನ್ನೋ ಮಹಾಪಂಡಿತರನ್ನೋ ನೆನೆಯುತ್ತೇವೆ. ನಿಕೊಲಸ್ ಓವನ್ನನು ಆಕ್ಸ್‌ಫರ್ಡಿನ ಬಡಗಿಯೊಬ್ಬನ ಮಗ, ತಾನೂ ಬಡಗಿ, ಬಲು ಗಿಡ್ಡನೆಯ ಆಳು.

ಮತಸುಧಾರಣೆಯ ಕಾಲ. ಪೋಪರ ಅಧಿಕಾರವನ್ನು ತಳ್ಳಿಹಾಕಿದ್ದ ಎಲಿಜಬೆತ್ ರಾಣಿಯ ಇಂಗ್ಲೆಂಡಿನಲ್ಲಿ 1585ರ ಶಾಸನದಂತೆ, ಹೊರನಾಡಿನಲ್ಲಿ ದೀಕ್ಷೆ ಪಡೆದು ಬಂದ ಕೆಥೋಲಿಕ ಪಾದ್ರಿಯು ರಾಜದ್ರೋಹಿ. ಸಿಕ್ಕಿಬಿದ್ದರೆ ಮರಣದಂಡನೆ, ಆಶ್ರಯವಿತ್ತವರಿಗೂ ಅದೇ ಗತಿ. ಇಂತಹ ಪಾದ್ರಿಗಳಿಗಾಗಿ ಓವನ್ನನು ಕೆಥೋಲಿಕ ಮನೆತನಗಳ ದೊಡ್ಡ ಮನೆಗಳಲ್ಲಿ ಅಡಗುದಾಣಗಳನ್ನು ನಿರ್ಮಿಸಿದನು. ಹಗಲಿನಲ್ಲಿ ಎಲ್ಲರ ಕಣ್ಣೆದುರು ಸಾಮಾನ್ಯ ಮರಗೆಲಸ. ಇರುಳಿನಲ್ಲಿ ಒಬ್ಬನೇ ಕಲ್ಲುಗೋಡೆಯನ್ನು ಕೊರೆಯುವ ಕಾಯಕ. ಒಂದು ಮೆಟ್ಟಿಲ ಕೆಳಗೆ, ಇನ್ನೊಂದು ಅಗ್ಗಿಷ್ಟಿಕೆಯ ಹಿಂದೆ. ಒಂದರಂತೆ ಮತ್ತೊಂದಿಲ್ಲ; ಒಂದು ಬಯಲಾದರೂ ಉಳಿದವು ಉಳಿಯಬೇಕಲ್ಲವೆ!

1594ರಲ್ಲಿ ಸೆರೆಸಿಕ್ಕಿ ಚಿತ್ರಹಿಂಸೆಗೆ ಒಳಗಾದರೂ ಆತನು ಬಾಯಿ ಬಿಡಲಿಲ್ಲ. ಹಿಡಿದವನು ಯಾರೆಂದರಿಯದ ಅಧಿಕಾರಿಗಳು ಹಣ ಪಡೆದು ಬಿಟ್ಟುಕೊಟ್ಟರು.

1605ರ ಸಿಡಿಮದ್ದಿನ ಪಿತೂರಿಯ ತರುವಾಯ ಶೋಧನೆಯು ಬಿರುಸಾಯಿತು. 1606ರ ಜನವರಿಯಲ್ಲಿ ಹಿಂಡ್ಲಿಪ್ ಎಂಬ ಮನೆಗೆ ಸೈನಿಕರು ಮುತ್ತಿಗೆ ಹಾಕಿದರು. ಗೋಡೆಯೊಳಗೆ ಅಡಗಿದ್ದ ಓವನ್ನನಿಗೂ ಅವನ ಸಂಗಾತಿಗೂ ಇದ್ದುದು ಒಂದೇ ಸೇಬು ಎನ್ನುತ್ತಾರೆ. ನಾಲ್ಕು ದಿನಗಳ ಬಳಿಕ ಹಸಿವೆ ಅವರನ್ನು ಹೊರದೂಡಿತು. ಅದೇ ಮನೆಯಲ್ಲಿ ಅವಿತಿದ್ದ ಗುರು ಗಾರ್ನೆಟರೂ ಕೆಲವೇ ದಿನಗಳಲ್ಲಿ ಸೆರೆಯಾದರು.

ಲಂಡನ್ ಟವರಿನಲ್ಲಿ ಆ ಹರ್ನಿಯಾ ರೋಗಿಯನ್ನು ಮಣಿಕಟ್ಟುಗಳಿಂದ ತೂಗುಹಾಕಿದರು. ಮಾರ್ಚಿಯಲ್ಲಿ ಆತನು ಸತ್ತನು. ಆತ್ಮಹತ್ಯೆಯೆಂದು ಸರಕಾರ ಸಾರಿತು, ನಾವದನ್ನು ನಂಬಲಾರೆವು. ಅಡಗುದಾಣಗಳ ಗುಟ್ಟು ಅವನೊಡನೆಯೇ ಹೋಯಿತು.

1970ರಲ್ಲಿ ಪೋಪ್ ಆರನೆಯ ಪಾಲರು ಈತನನ್ನು ಸಂತನೆಂದು ಘೋಷಿಸಿದರು. ವೂಸ್ಟರ್‌ಶೈರಿನ ಹಾರ್ವಿಂಗ್ಟನ್ ಹಾಲಿನಲ್ಲಿ ಈತನದೆಂದು ಹೇಳುವ ಅಡಗುದಾಣ ಇಂದಿಗೂ ಇದೆ: ಮಹಡಿಯ ಮೆಟ್ಟಿಲನ್ನು ಮೇಲೆತ್ತಿದರೆ, ಕೆಳಗೆ ಒಂದು ಕತ್ತಲ ಗೂಡು.