ಸಂಡೂರಿನ ಕಸೂತಿಗೆ ಎಷ್ಟು ಬಣ್ಣ ಬೇಕು?

2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ವೇಳೆ ಸಂಡೂರು ಕುಶಲ ಕಲಾ ಕೇಂದ್ರದ ಲಂಬಾಣಿ ಮಹಿಳೆಯರ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಇಂಥ ಕಸೂತಿಗೆ ಗ್ರಾಹಕರೇ ಬಣ್ಣ ಆರಿಸಿ ಆರ್ಡರ್ ಕೊಡುವ ಮೊಬೈಲ್ ಆ್ಯಪ್ ಮಾಡುವುದಾದರೆ ಅದರಲ್ಲಿ ಬಣ್ಣ ಆರಿಸುವ ಭಾಗ, ಅಂದರೆ ಕಲರ್ ಪಿಕರ್, ಹೇಗಿರಬೇಕು? ಸಿದ್ಧವಾಗಿ ಸಿಗುವ ಪಿಕರ್‌ನಲ್ಲಿ ಬಣ್ಣದ ಚಕ್ರವೊಂದು, ಪಕ್ಕದಲ್ಲಿ ಹೊಳಪಿನ ಪಟ್ಟಿಯೊಂದು ಇರುತ್ತದೆ. ಕೆಂಪು, ಹಸಿರು, ನೀಲಿಗೆ ತಲಾ 256 ಮಟ್ಟ. ಗುಣಿಸಿದರೆ 1,67,77,216 ಬಣ್ಣ. ಬೆರಳು ಕೂದಲೆಳೆಯಷ್ಟು ಸರಿದರೂ ಅಂಕಿ ಬದಲಾಗುತ್ತದೆ. ಆದರೆ ಹೊಲಿಯುವವರ ಬುಟ್ಟಿಯಲ್ಲಿ ಅಷ್ಟು ದಾರವಿಲ್ಲ. ಹೊಲಿಯಲಾಗದ ಬಣ್ಣವನ್ನು ತೋರಿಸುವುದು ಕೊಳ್ಳುವವರಿಗೆ ಕೊಡುವ ಸುಳ್ಳು ಭರವಸೆ. ಹಾಗಾಗಿ ಚಕ್ರ ಬೇಡ. ಇರುವ ದಾರಗಳದೇ ದೊಡ್ಡ ದೊಡ್ಡ ಚೌಕಗಳಿರಲಿ, ಪ್ರತಿಯೊಂದರ ಕೆಳಗೂ ಹೆಸರಿರಲಿ. ಕೆಂಪು–ಹಸಿರಿನ ವ್ಯತ್ಯಾಸ ಕಾಣದವರಿಗೆ ಆ ಹೆಸರೇ ಆಧಾರ.

ಇದರಿಂದ ಗ್ರಾಹಕರ ಸ್ವಾತಂತ್ರ್ಯ ಮೊಟಕಾಗುವುದಿಲ್ಲವೇ ಎಂದು ಕೇಳಬಹುದು. ಮನೆಯ ಸೀರೆಗೆ ಹೊಂದುವ ಬಣ್ಣವೇ ಬೇಕೆನ್ನುವುದು ನ್ಯಾಯವಾದ ಆಸೆ. ಅಂಥವರು ಸೀರೆಯ ಫೋಟೊ ಮೇಲೆ ಬೆರಳಿಟ್ಟರೆ, ಆ ಚುಕ್ಕೆಗೆ ತೀರಾ ಹತ್ತಿರದ ದಾರವನ್ನು ಆ್ಯಪ್ ಲೆಕ್ಕಹಾಕಿ ತೋರಿಸಲಿ. ಆದರೂ ಫೋಟೊದ ಬಣ್ಣ ಬೆಳಕಿಗೆ ತಕ್ಕಂತೆ ಬದಲಾಗುತ್ತದೆ. ಟ್ಯೂಬ್‌ಲೈಟಿನಡಿ ತೆಗೆದ ಅರಿಸಿನ ಬಣ್ಣ ಹೊಸಪೇಟೆಯ ಬಿಸಿಲಲ್ಲಿ ಬೇರೆಯಾಗಿಯೇ ಕಾಣುತ್ತದೆ. ಆದ್ದರಿಂದ ಕೊನೆಯ ಒಪ್ಪಿಗೆಗೆ ಮುನ್ನ, ಹಗಲು ಬೆಳಕಿನಲ್ಲಿ ತೆಗೆದ ನಿಜವಾದ ದಾರದ ಚಿತ್ರ ಪರದೆಯ ಮೇಲೆ ಬರಲೇಬೇಕು.