ಜೋಳದ ಕಾಳಿನಷ್ಟು ದಪ್ಪದ ನರ

2011ರ ಜನಗಣತಿಯಲ್ಲಿ ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಜನಸಂಖ್ಯೆ 3 ಲಕ್ಷ 28 ಸಾವಿರ. ಆ ಗಡಿಸೀಮೆಯ ಕನ್ನಡದ ಮನೆಯೊಂದರಲ್ಲಿ ಇವತ್ತು ಹುಟ್ಟಿದ ಕೂಸಿನ ಒಂದು ಕಣ್ಣಿಂದ ಮೆದುಳಿಗೆ ಹೋಗುವ ನರದಲ್ಲಿ ಎಳೆಗಳೆಷ್ಟು ಗೊತ್ತೆ? ಸುಮಾರು 10 ಲಕ್ಷ. ತಾಲ್ಲೂಕಿನ ಮಂದಿಯ ಮೂರು ಪಟ್ಟು! ನರದ ದಪ್ಪ ಮಾತ್ರ ಅಲ್ಲಿಯ ಹೊಲದ ಜೋಳದ ಕಾಳಿನಷ್ಟು. ಆ ಕಣ್ಣಿನ ಒಳಪರದೆಯಲ್ಲಿ ಬೆಳಕು ಹಿಡಿಯುವ ಕೋಶಗಳು 10 ಕೋಟಿಯ ಆಸುಪಾಸು, ಹೆಚ್ಚುಕಡಿಮೆ ಇಡೀ ಮಹಾರಾಷ್ಟ್ರದ ಜನರಷ್ಟು.

ಇಷ್ಟಿದ್ದರೂ ಕೂಸಿಗೆ ನೋಟ ಹುಟ್ಟಿನಿಂದಲೇ ಪೂರ್ತಿ ಬಂದಿರುವುದಿಲ್ಲ. ಮೆದುಳು ಅದನ್ನು ಕಲಿಯಬೇಕು. ಕಲಿಯಲು ಸಿಗುವ ಒಳ್ಳೆಯ ಕಾಲ ಮೊದಲ ಏಳೆಂಟು ವರ್ಷ.

ಹುಟ್ಟುವಾಗ ಸುಮಾರು 17 ಮಿಲಿಮೀಟರ್ ಉದ್ದವಿರುವ ಕಣ್ಣುಗುಡ್ಡೆ ಬೆಳೆದು 24ಕ್ಕೆ ಬಂದು ನಿಲ್ಲಬೇಕು. ಒಂದೇ ಮಿಲಿಮೀಟರ್ ಹೆಚ್ಚಾದರೂ ಎರಡೂವರೆ, ಮೂರು ನಂಬರಿನ ಕನ್ನಡಕ ಬೇಕಾಗುತ್ತದೆ. ಒಂದು ಕಣ್ಣಿನಲ್ಲಷ್ಟೇ ಹೀಗೆ ಏರುಪೇರಾದರೆ ಮೆದುಳು ಆ ಮಸುಕು ಚಿತ್ರವನ್ನು ಕೈಬಿಟ್ಟು, ಇನ್ನೊಂದು ಕಣ್ಣನ್ನೇ ನೆಚ್ಚುತ್ತದೆ. ಮಗು ಓಡುತ್ತದೆ, ಆಡುತ್ತದೆ, ದೂರು ಹೇಳುವುದಿಲ್ಲ. ಜಗತ್ತು ಹಾಗೇ ಇರುತ್ತದೆಂದು ಅದು ತಿಳಿದಿದೆ.

ಗುಟ್ಟು ರಟ್ಟಾಗಲು ಅಂಗೈ ಸಾಕು. ಎಡಗಣ್ಣು ಮುಚ್ಚಿದರೆ ಮಗು ಸುಮ್ಮನೆ ಗೊಂಬೆ ನೋಡುತ್ತದೆ. ಬಲಗಣ್ಣು ಮುಚ್ಚಿದೊಡನೆ ಕೊಸರಾಡಿ, "ಯವ್ವಾ, ಕೈ ತಗಿ" ಎಂದು ಅಳುತ್ತದೆ. ಹಾಗೆ ಪ್ರತಿ ಸಲವೂ ಆದರೆ ಹಟ ಎಂದು ಬಿಡಬೇಡಿ, ಕಣ್ಣಿನ ವೈದ್ಯರಿಗೆ ತೋರಿಸಿ. ಬೇಗ ಸಿಕ್ಕರೆ ಕನ್ನಡಕ ಕೊಟ್ಟು, ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ತಾಸು ಪಟ್ಟಿ ಹಾಕಿ, ಸೋತ ಕಣ್ಣಿಗೆ ಕಲಿಸಬಹುದು.

ಹುಟ್ಟಿನಿಂದಲೇ ಪೊರೆ ಇದ್ದರೆ ಅದನ್ನು ತೆಗೆಸಲು ಸಿಗುವ ಕಾಲ ಇನ್ನೂ ಕಿರಿದು: ಆರರಿಂದ ಎಂಟು ವಾರ. ಮೊದಲ ಪೆಂಟಾ ಲಸಿಕೆ ಹಾಕಿಸುವುದೂ ಆರನೇ ವಾರಕ್ಕೇ, ಆಗ ಕಣ್ಣನ್ನೂ ತೋರಿಸಿ. ಪಾಪೆಯಲ್ಲಿ ಬಿಳಿ ಹೊಳಪು ಕಂಡರೆ ಕಂಡ ದಿನವೇ ವೈದ್ಯರನ್ನು ಕೇಳಿ. ಅದು ಪೊರೆಯಿರಬಹುದು, 15ರಿಂದ 20 ಸಾವಿರ ಶಿಶುಗಳಲ್ಲಿ ಒಂದಕ್ಕೆ ಬರುವ ಕಣ್ಣಿನ ಕ್ಯಾನ್ಸರೂ ಇರಬಹುದು.

ಇನ್ನು ಎ ವಿಟಮಿನ್. ಒಂಬತ್ತನೇ ತಿಂಗಳಿಂದ ಐದು ವರ್ಷದವರೆಗೆ ಒಂಬತ್ತು ಸಲ ಕುಡಿಸುವ ಔಷಧ ಎಲ್ಲ ಸೇರಿ 17 ಮಿಲಿಲೀಟರ್. ಅದರಲ್ಲಿರುವ ವಿಟಮಿನ್ ಅರ್ಧ ಗ್ರಾಮಿನಷ್ಟು. ಇರುಳುಗಣ್ಣು ತಡೆಯಲು ಅಷ್ಟು ಸಾಕು.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ತಪಾಸಣೆಯ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಆ ದಿನ ಮಗುವನ್ನು ಮನೆಯಲ್ಲಿ ಉಳಿಸಬೇಡಿ. ಎಪ್ಪತ್ತು ವರ್ಷ ನೋಡಬೇಕಾದ ಕಣ್ಣಿಗೆ ಆ ಒಂದು ದಿನ ದೊಡ್ಡದು.